ಬ್ರೇಕಿನೊಳಗೆ ಸೇರಿದ ಗಾಳಿ

ಕೃಷ್ಣರಾಜಪುರದ ತೂಗುಸೇತುವೆಯನ್ನು ಇಳಿದು ಟಿನ್ ಫ್ಯಾಕ್ಟರಿಯತ್ತ ಬರುವವರಿಗೆ ಬ್ರೇಕಿನ ಬೆಲೆಯನ್ನು ನಾವು ತಿಳಿಸಬೇಕಾಗಿಲ್ಲ. ಹಳೆಯ ಮದರಾಸು ರಸ್ತೆಯೂ ಹೊರ ವರ್ತುಲ ರಸ್ತೆಯೂ ಕೂಡುವ ಆ ಸಂದಣಿಯಲ್ಲಿ ಒಂದು ಸಂಜೆ ನಮ್ಮ ಹಳೆಯ ಕಾರಿನ ಪೆಡಲು ಸ್ಪಂಜಿನಂತೆ ಮೆತ್ತಗಾಗಿ ಕೆಳಗಿಳಿಯಿತು. ಹಿಂದಿನ ಆಸನದಲ್ಲಿ ಮೊಮ್ಮಗುವಿತ್ತು. ಎರಡು ಮೂರು ಬಾರಿ ಒತ್ತಿದ ಮೇಲೆ ಹಿಡಿತ ದೊರೆಯಿತು. ಎದುರಿನ ಬಸ್ಸಿಗೂ ನಮಗೂ ಗೇಣಗಲ ಉಳಿದಿತ್ತು.

ತಪ್ಪು ನಮ್ಮದೇ. ಬ್ರೇಕ್ ಆಯಿಲಿನ ಮಟ್ಟ ಇಳಿದುದನ್ನು ಕಂಡು, ಒಂದೇ ತಿಂಗಳಲ್ಲಿ ಎರಡು ಸಲ ತುಂಬಿ ಸುಮ್ಮನಾಗಿದ್ದೆವು. ಪ್ಯಾಡು ಸವೆದಂತೆ ಮಟ್ಟ ತುಸು ಇಳಿಯುವುದುಂಟು. ಮತ್ತೆ ಮತ್ತೆ ಇಳಿದರೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ. ನೋಡಿದಾಗ ಎಡಗಡೆಯ ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿತ್ತು. ಅಲ್ಲಿನ ವೀಲ್ ಸಿಲಿಂಡರಿನ ರಬ್ಬರು ಹಳತಾಗಿತ್ತು. ಅದನ್ನು ಮೆಕ್ಯಾನಿಕನಿಂದಲೇ ಮನೆಯಲ್ಲಿ ಬದಲಾಯಿಸಿದೆವು. ಸೋರಿಕೆಯನ್ನು ನಿಲ್ಲಿಸದೆ ಗಾಳಿ ತೆಗೆಯುವುದು ವ್ಯರ್ಥ.

ದ್ರವವನ್ನು ಅದುಮಿದರೆ ಅದು ಕುಗ್ಗುವುದಿಲ್ಲ. ಅದರಿಂದಲೇ ಪಾದದ ಒತ್ತಡ ಚಕ್ರಗಳನ್ನು ಮುಟ್ಟುತ್ತದೆ. ಗಾಳಿಯಾದರೋ ಕುಗ್ಗುತ್ತದೆ. ಎಣ್ಣೆ ತೇವವನ್ನು ಹೀರುವುದೂ ಅಪಾಯವೇ: ಡಾಟ್ 3 ಎಣ್ಣೆಯ ಕುದಿಬಿಂದು ಹೊಸತಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ತೇವ ಸೇರಿದ ಮೇಲೆ 140ಕ್ಕೂ ಇಳಿಯಬಹುದು. ನಂದಿಬೆಟ್ಟ ಇಳಿಯುವಾಗ ಅದು ಕುದಿದು ಆವಿಯಾದರೆ ಪೆಡಲು ಹೀಗೆಯೇ ಕೈಕೊಡುತ್ತದೆ. ಒತ್ತಿ ಹಿಡಿದಾಗ ಪೆಡಲು ನಿಧಾನವಾಗಿ ಕುಸಿಯುತ್ತಿದ್ದರೆ, ಹೊರಗೆ ಸೋರಿಕೆ ಕಾಣದಿದ್ದರೂ ಮಾಸ್ಟರ್ ಸಿಲಿಂಡರನ್ನು ಶಂಕಿಸಬೇಕು. ಅದು ಮನೆಯ ಕೆಲಸವಲ್ಲ.

ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕು. ಸಮನೆಲದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಸೊಸೆಯನ್ನು ಪೆಡಲಿನ ಬಳಿ ಕೂರಿಸಿದೆವು. ನಮ್ಮ ಕಾರಿನಲ್ಲಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭ. ಬೇರೆ ಕಾರಿನವರು ಅದರ ಕೈಪಿಡಿಯ ಕ್ರಮವನ್ನೇ ಹಿಡಿಯಬೇಕು. ನಿಪ್ಪಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಇನ್ನೊಂದು ತುದಿಯನ್ನು ತುಸು ಹೊಸ ಎಣ್ಣೆಯಿರುವ ಸೀಸೆಯಲ್ಲಿ ಮುಳುಗಿಸಿದೆವು.

"ಒತ್ತಮ್ಮ."

"ಒತ್ತಿ ಹಿಡಿದಿದ್ದೇನೆ ಮಾವ."

ಆಗ ನಿಪ್ಪಲನ್ನು ಸಡಿಲಿಸಿದರೆ ಗುಳ್ಳೆಗಳೊಡನೆ ಎಣ್ಣೆ ಹೊರಬೀಳುತ್ತದೆ. ನಿಪ್ಪಲನ್ನು ಬಿಗಿದ ಮೇಲೆಯೇ "ಬಿಡು" ಎನ್ನಬೇಕು. ಮೊದಲ ಸಲ ನಾವು ಬಿಗಿಯುವ ಮುನ್ನವೇ ಆಕೆ ಕಾಲೆತ್ತಿದಳು. ನಿಪ್ಪಲಿನ ಸಂದಿನಿಂದ ಗಾಳಿ ಮತ್ತೆ ಒಳಸೇರಿತು. ಹೊರಗೆ ಕುಳಿತವನೇ ಅಪ್ಪಣೆ ಕೊಡಬೇಕೆಂಬುದು ಅನಂತರ ನಿಶ್ಚಯವಾಯಿತು. ಗುಳ್ಳೆ ನಿಲ್ಲುವವರೆಗೆ ಹೀಗೆಯೇ ನಾಲ್ಕೂ ಚಕ್ರಗಳಿಗೆ ಮಾಡಬೇಕು. ನಡುನಡುವೆ ಮೇಲಿನ ಡಬ್ಬಿಯನ್ನು ನೋಡುತ್ತಿರಬೇಕು. ಅದು ಬರಿದಾದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಆ ಹೊಣೆಯನ್ನು ಮನೆಯಾಕೆ ಟಾರ್ಚು ಹಿಡಿದು ನಿರ್ವಹಿಸಿದರು.

ಎಣ್ಣೆ ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಬೇಕು. ಸೀಸೆಯ ಹಳೆಯ ಎಣ್ಣೆಯನ್ನು ಮರಳಿ ತುಂಬಲಾಗದು. ಎಬಿಎಸ್ ಇರುವ ಕಾರಿನಲ್ಲಿ ಡಬ್ಬಿ ಪೂರ್ಣ ಬರಿದಾಗಿದ್ದರೆ ವರ್ಕ್‌ಶಾಪಿಗೆ ಸಾಗಿಸುವುದೇ ಲೇಸು.

ಕೊನೆಗೆ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದೆವು, ಕುಸಿಯಲಿಲ್ಲ. ಎಂಜಿನ್ ಚಾಲೂ ಮಾಡಿ, ನಮ್ಮ ಓಣಿಯಲ್ಲಿಯೇ ನಡಿಗೆಯ ವೇಗದಲ್ಲಿ ನಾಲ್ಕಾರು ಬಾರಿ ನಿಲ್ಲಿಸಿ ನೋಡಿದೆವು. ಮೊಮ್ಮಗುವನ್ನು ಆ ದಿನ ಹತ್ತಿಸಲಿಲ್ಲ. ಮರುದಿನ ಬೆಳಗ್ಗೆ ಹಿಂದಿನ ಚಕ್ರದ ಒಳಬದಿಯನ್ನು ಮತ್ತೆ ಮುಟ್ಟಿ ನೋಡಿದೆವು; ಒಣಗಿತ್ತು.