ಬಣ್ಣಕ್ಕೂ ಒಂದು ಗುರುತುಚೀಟಿ ಬೇಕು

ಗಡಿನಾಡಿನ ನಮ್ಮ ಕನ್ನಡ ಶಾಲೆಗಳಲ್ಲಿ ಶಾಲಾ ಸಂಚಿಕೆಯ ಮುಖಪುಟವನ್ನು, ವಾರ್ಷಿಕೋತ್ಸವದ ಬ್ಯಾನರನ್ನು ಈಗೀಗ ಮಕ್ಕಳೇ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಕೇರಳದ ಶಾಲೆಗಳು 2000ರ ದಶಕದಲ್ಲೇ ಸ್ವತಂತ್ರ ತಂತ್ರಾಂಶದ ದಾರಿ ಹಿಡಿದದ್ದರಿಂದ ನಮ್ಮ ಕಾಸರಗೋಡಿನ ಮಕ್ಕಳಿಗೆ ಜಿಂಪ್, ಇಂಕ್‌ಸ್ಕೇಪ್ ಹೊಸದಲ್ಲ. 2018ರಲ್ಲಿ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಕೂಟಗಳು ಶುರುವಾದ ಮೇಲೆ ಉತ್ಸಾಹ ಇನ್ನೂ ಹೆಚ್ಚಿದೆ. ಒಳ್ಳೆಯದೇ. ಆದರೆ ಪೇಟೆಯ ಡಿಟಿಪಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕೋರೆಲ್‌ಡ್ರಾ, ಫೋಟೋಶಾಪ್. ಶಾಲೆಯ ಕಂಪ್ಯೂಟರಿನಿಂದ ಹೊರಟ ಚಿತ್ರ ಅಲ್ಲಿ ತೆರೆದು, ಅಚ್ಚಾಗಿ ಬರುವಷ್ಟರಲ್ಲಿ ಆಕಾಶದ ನೀಲಿ ನೇರಳೆಯಾಗಿರುತ್ತದೆ. ಗದ್ದೆಯ ಹಸುರು ಮಂಕಾಗಿರುತ್ತದೆ. ಯಕ್ಷಗಾನದ ಕಿರೀಟದ ಹೊಂಬಣ್ಣ ಸಾಸಿವೆ ಬಣ್ಣಕ್ಕೆ ಇಳಿದಿರುತ್ತದೆ.

ಕೇಳಿದರೆ ಅಂಗಡಿಯವರು "ಫೈಲೇ ಹಾಗಿತ್ತು" ಅನ್ನುತ್ತಾರೆ. ಚಿತ್ರ ಮಾಡಿದ ಮಗು ತನ್ನ ಕೈಯಲ್ಲೇ ಏನೋ ಕೊರತೆ ಅಂದುಕೊಂಡು ಸುಮ್ಮನಾಗುತ್ತದೆ. ಮಗು ಹೀಗೆ ಸುಮ್ಮನಾಗುವುದು ನಮಗೆ ಒಪ್ಪಿಗೆಯಿಲ್ಲ. ಇಲ್ಲಿ ತಪ್ಪು ಮಗುವಿನದ್ದಲ್ಲ, ಬಹಳ ಸಲ ಅಂಗಡಿಯವರದ್ದೂ ಅಲ್ಲ. ಬಣ್ಣದ ಜೊತೆ ಹೋಗಬೇಕಾದ ಒಂದು ಚೀಟಿ ಹೋಗಿರುವುದಿಲ್ಲ, ಅಷ್ಟೇ.

ಅದೇನು ಚೀಟಿ? ಗಡಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. "ಪಟ್ಟಿ" ಎಂಬ ಪದ ತೆಗೆದುಕೊಳ್ಳಿ. ಕನ್ನಡ ತರಗತಿಯಲ್ಲಿ "ಒಂದು ಪಟ್ಟಿ ತಯಾರಿಸಿ" ಅಂದರೆ ಮಕ್ಕಳು ಹೆಸರುಗಳನ್ನು ಬರೆಯುತ್ತಾರೆ. ಪಕ್ಕದ ಮಲಯಾಳ ತರಗತಿಯಲ್ಲಿ ಪಟ್ಟಿ ಅಂದರೆ ನಾಯಿ! ಉಚ್ಚಾರ ಒಂದೇ, ಅರ್ಥ ಬೇರೆ. ಯಾವ ಭಾಷೆ ಎಂದು ಗೊತ್ತಿಲ್ಲದಿದ್ದರೆ ಪದ ತಿಳಿಯುವುದಿಲ್ಲ.

ಬಣ್ಣದ ಕಥೆಯೂ ಇದೇ. ಕಂಪ್ಯೂಟರ್ ಬಣ್ಣವನ್ನು ಇಟ್ಟುಕೊಳ್ಳುವುದು ಸಂಖ್ಯೆಯಾಗಿ. ಕೆಂಪು ಇಷ್ಟು, ಹಸುರು ಇಷ್ಟು, ನೀಲಿ ಇಷ್ಟು ಎಂದು 0ಯಿಂದ 255ರವರೆಗಿನ ಮೂರು ಅಂಕಿಗಳು. ಅದೇ ಮೂರು ಅಂಕಿಗಳನ್ನು ಎಸ್‌ಆರ್‌ಜಿಬಿ ಎಂದು ಓದಿದರೆ ಒಂದು ಬಣ್ಣ, ಅಡೋಬ್ ಆರ್‌ಜಿಬಿ ಎಂದು ಓದಿದರೆ ಇನ್ನೊಂದು. ಇದನ್ನು ಹೇಗೆ ಓದಬೇಕು ಎಂದು ತಿಳಿಸುವ ಚೀಟಿಗೆ ಐಸಿಸಿ ಪ್ರೊಫೈಲ್ ಎಂದು ಹೆಸರು. (ಕ್ರಿಕೆಟ್ಟಿನ ಐಸಿಸಿ ಅಲ್ಲ! 1993ರಲ್ಲಿ ಅಡೋಬ್, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳು ಸೇರಿ ಕಟ್ಟಿದ ಬಣ್ಣದ ಒಕ್ಕೂಟ.) ಚೀಟಿ ಇಲ್ಲದೆ ಬಂದ ಚಿತ್ರವನ್ನು ಪ್ರತಿಯೊಂದು ಪ್ರೋಗ್ರಾಂ ತನಗೆ ತೋಚಿದಂತೆ ಓದುತ್ತದೆ.

ಕನ್ನಡದವರಿಗೆ ಈ ಪಾಡು ಹೊಸದೇನಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏನು ಕಾಣುತ್ತಿತ್ತು, ನೆನಪಿದೆಯಲ್ಲ? ಸಂಖ್ಯೆಗಳು ಅವೇ ಇದ್ದವು, ಓದುವ ಕ್ರಮ ಮಾತ್ರ ಇರಲಿಲ್ಲ. ಎಲ್ಲರೂ ಒಪ್ಪಿದ ಯುನಿಕೋಡ್ ಬಂದ ಮೇಲೆ ಆ ಗೋಳು ತಪ್ಪಿತು. ಅಕ್ಷರಕ್ಕಾಗಿ ಅಷ್ಟು ಒದ್ದಾಡಿದ ನಾವು ಬಣ್ಣದ ವಿಷಯದಲ್ಲಿ ಮಾತ್ರ "ಹೇಗೋ ಆಗುತ್ತೆ" ಅನ್ನುವುದು ಸರಿಯೇ?

ಇನ್ನೊಂದು ಮಾತು. ಪರದೆ ಬಣ್ಣವನ್ನು ಬೆಳಕಿನಿಂದ ಮಾಡುತ್ತದೆ, ಅಚ್ಚುಯಂತ್ರ ನಾಲ್ಕು ಶಾಯಿಗಳಿಂದ: ಸಯಾನ್, ಮಜೆಂಟಾ, ಹಳದಿ, ಕಪ್ಪು. ಇದೇ ಸಿಎಂವೈಕೆ. ಪರದೆಯ ಹೊಳೆಯುವ ನೀಲಿ, ಕಣ್ಣು ಕುಕ್ಕುವ ಹಸುರು ಈ ನಾಲ್ಕು ಶಾಯಿಗಳಿಗೆ ದಕ್ಕುವುದೇ ಇಲ್ಲ. ಆದ್ದರಿಂದ ಪ್ರೊಫೈಲ್ ಇದ್ದ ಮಾತ್ರಕ್ಕೆ ಎಲ್ಲವೂ ಹಾಗೆಯೇ ಬರುತ್ತದೆ ಎಂದು ನಾವು ಹೇಳುತ್ತಿಲ್ಲ. ಬಣ್ಣ ಎಲ್ಲಿ, ಎಷ್ಟು ಬದಲಾಗುತ್ತದೆ ಎಂಬುದು ಅಚ್ಚಿಗೆ ಮೊದಲೇ ಸುಮಾರಾಗಿ ಕಾಣುತ್ತದೆ. ಆಯ್ಕೆ ಮಗುವಿನ ಕೈಯಲ್ಲಿ ಉಳಿಯುತ್ತದೆ. ನಮಗೆ ಮುಖ್ಯವಾದದ್ದು ಅದೇ.

ಹಾಗಾದರೆ ಮಾಡಬೇಕಾದ್ದೇನು? ಕಷ್ಟದ್ದೇನೂ ಇಲ್ಲ.

ಮೊದಲನೆಯದು, ಶಾಲೆಯಲ್ಲಿ ಎಲ್ಲರೂ ಎಸ್‌ಆರ್‌ಜಿಬಿಯಲ್ಲೇ ಕೆಲಸ ಮಾಡಲಿ. ಇಂಕ್‌ಸ್ಕೇಪಿನ ಎಸ್‌ವಿಜಿ ಕಡತಕ್ಕೆ ಅದೇ ಸಹಜ. ಜಿಂಪಿನಿಂದ ಚಿತ್ರ ಹೊರಗೆ ಕೊಡುವಾಗ ಬಣ್ಣದ ಪ್ರೊಫೈಲನ್ನು ಸೇರಿಸುವ ಚೌಕಕ್ಕೆ ಗುರುತು ಹಾಕಲಿ.

ಎರಡನೆಯದು, ಅಂಗಡಿಗೆ ಹೋಗುವ ಮೊದಲೇ ಕೇಳಿ: ನಿಮ್ಮ ಯಂತ್ರಕ್ಕೆ ಯಾವ ಪ್ರೊಫೈಲ್? ಉತ್ತರ ಸಿಕ್ಕಿದರೆ ಸ್ಕ್ರೈಬಸ್‌ನಲ್ಲಿ ಅದನ್ನು ಕೊಟ್ಟು ಪಿಡಿಎಫ್/ಎಕ್ಸ್ ಮಾದರಿಯ ಕಡತ ಮಾಡಿ. ಅಚ್ಚುಮನೆಗಳಿಗೆಂದೇ ರೂಪಿಸಿದ ಮಾದರಿ ಅದು.

ಮೂರನೆಯದು, "ಅಸೈನ್" ಮತ್ತು "ಕನ್ವರ್ಟ್" ಎಂಬ ಎರಡು ಆಜ್ಞೆಗಳ ವ್ಯತ್ಯಾಸ. ಕನ್ವರ್ಟ್ ಅಂದರೆ ಅನುವಾದ. ಅರ್ಥ ಉಳಿಸಿಕೊಳ್ಳಲು ಪದ ಬದಲಾಗುತ್ತದೆ, ಅಂದರೆ ಬಣ್ಣ ಉಳಿಸಲು ಸಂಖ್ಯೆ ಬದಲಾಗುತ್ತದೆ. ಅಸೈನ್ ಅಂದರೆ "ಪಟ್ಟಿ"ಯನ್ನು ಹಾಗೇ ಇಟ್ಟು, ಮೇಲಿನ ಚೀಟಿಯಲ್ಲಿ ಕನ್ನಡ ಅಳಿಸಿ ಮಲಯಾಳ ಎಂದು ಬರೆದಂತೆ. ಚೀಟಿಯೇ ಇಲ್ಲದ ಚಿತ್ರಕ್ಕೆ ಮಾತ್ರ ಅಸೈನ್ ಬೇಕು, ಉಳಿದಲ್ಲೆಲ್ಲ ಕನ್ವರ್ಟ್.

ನಾಲ್ಕನೆಯದು, ಅಕ್ಷರಗಳ ಕಪ್ಪು. ಪರದೆಯ ಕಪ್ಪನ್ನು ಸಿಎಂವೈಕೆಗೆ ತಿರುಗಿಸಿದರೆ ಅದು ಸಾಮಾನ್ಯವಾಗಿ ನಾಲ್ಕೂ ಶಾಯಿಗಳ ಮಿಶ್ರಣವಾಗುತ್ತದೆ. ಅಚ್ಚಿನಲ್ಲಿ ಶಾಯಿಗಳು ಕೂದಲೆಳೆಯಷ್ಟು ಸರಿದರೂ ನಮ್ಮ ಸಣ್ಣ ಒತ್ತಕ್ಷರಗಳ ಸುತ್ತ ಬಣ್ಣದ ನೆರಳು ಬಿದ್ದು ಓದಲಾಗುವುದಿಲ್ಲ. ಅಕ್ಷರಗಳಿಗೆ ಕಪ್ಪು ಶಾಯಿ 100, ಉಳಿದ ಮೂರು 0 ಇರಲಿ.

ಕೊನೆಯದು, ಚಿತ್ರವನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಪೂರ್ತಿ ಅಚ್ಚಿಗೆ ಮೊದಲು ಒಂದೇ ಒಂದು ಹಾಳೆ ತೆಗೆಸಿ, ಹಗಲ ಬೆಳಕಿನಲ್ಲಿ ಮಗುವಿನ ಕೈಗೆ ಕೊಟ್ಟು ನೋಡಿಸಿ. ಆ ಒಂದು ಹಾಳೆಯ ಖರ್ಚನ್ನು ಪಿಟಿಎ ಭರಿಸಬಹುದು.

ಇಷ್ಟಕ್ಕೂ ಬಣ್ಣ ಸಣ್ಣ ವಿಷಯವಲ್ಲ. ನಮ್ಮ ರಾಷ್ಟ್ರಧ್ವಜವನ್ನೇ ನೋಡಿ. 1951ರಲ್ಲಿ ಮೊದಲು ಬಂದು, 1968ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕದಲ್ಲಿ "ಕೇಸರಿ, ಹಸಿರು" ಎಂದು ಹೆಸರು ಹೇಳಿ ಕೈಬಿಟ್ಟಿಲ್ಲ. ಬಣ್ಣಗಳನ್ನು ಅಳತೆಯ ಸಂಖ್ಯೆಗಳಲ್ಲಿ ಕೊಟ್ಟಿದ್ದಾರೆ, ಯಾವ ಬೆಳಕಿನಲ್ಲಿ ಅಳೆದದ್ದು ಎಂಬುದನ್ನೂ ಸೇರಿಸಿದ್ದಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ತಯಾರಾಗುವುದು ಆ ಮಾನಕದ ಪ್ರಕಾರವೇ. ಸಂಖ್ಯೆಯ ಜೊತೆಗೆ ಓದುವ ಕ್ರಮ: ನಾವು ಹೇಳುತ್ತಿರುವ ಚೀಟಿಯೂ ಅದೇ.

"ಕನ್ನಡ ಬಲ್ಲ ಅಧ್ಯಾಪಕರೇ ಸಿಗದಿರುವಾಗ ಬಣ್ಣದ ಚಿಂತೆ ಯಾಕೆ?" ಎಂದು ಕೆಲವರು ಕೇಳಬಹುದು. ಆ ಹೋರಾಟ ಇದ್ದೇ ಇದೆ, ಬಿಡುವಂತಿಲ್ಲ. ಆದರೆ ಊರಿನವರು ಕನ್ನಡ ಶಾಲೆಯನ್ನು ಅಳೆಯುವುದು ಮನೆಗೆ ಬಂದ ಸಂಚಿಕೆ, ಗೇಟಿನ ಮೇಲಿನ ಬ್ಯಾನರು ನೋಡಿಯೂ ಹೌದು. ಅದು ಮಂಕಾಗಿ ಕಂಡರೆ "ಕನ್ನಡ ಶಾಲೆ ಅಲ್ಲವೇ, ಇಷ್ಟೇ" ಎಂಬ ಮಾತು ಬರುತ್ತದೆ. ಮಗು ಬಳಿದದ್ದು ಒಂದು, ಊರು ಕಂಡದ್ದು ಇನ್ನೊಂದು ಆಗಬಾರದು.

ಆದ್ದರಿಂದ ಐಸಿಟಿ ತರಗತಿಯಲ್ಲಿ ಚಿತ್ರ ಬಿಡಿಸಲು ಕಲಿಸುವ ದಿನವೇ ಅದನ್ನು ದಾಟಿಸಲೂ ಕಲಿಸೋಣ, ಅದೂ ಕನ್ನಡದಲ್ಲೇ. ಒಂದು ಪಿರಿಯಡ್ ಸಾಕು. ಅಂಗಡಿಯ ಮೇಜಿನ ಮುಂದೆ ನಿಂತು "ಇದರ ಪ್ರೊಫೈಲ್ ಎಸ್‌ಆರ್‌ಜಿಬಿ, ನಿಮ್ಮದಕ್ಕೆ ಕನ್ವರ್ಟ್ ಮಾಡಿ, ಅಸೈನ್ ಬೇಡ" ಎಂದು ಎಂಟನೇ ತರಗತಿಯ ಮಗು ಹೇಳಿದರೆ ಯಾರೂ "ಫೈಲೇ ಹಾಗಿತ್ತು" ಅನ್ನಲಾರರು. ನಿಮ್ಮ ಶಾಲೆಯ ಮುಂದಿನ ಸಂಚಿಕೆಗೆ ಇದನ್ನು ಮಾಡಿ ನೋಡಿ, ಏನಾಯಿತೆಂದು ನಮಗೂ ತಿಳಿಸಿ.