ಹೆಗಡೆ ಎಂದರೆ ಯಾರ ಪೈಕಿ?

ಕಳಸ, ಹೊರನಾಡು ಕಡೆ ಹೊಸಬರು ತಮ್ಮ ಹೆಸರು ಹೇಳಿದ ಮಾತ್ರಕ್ಕೆ ಪರಿಚಯ ಮುಗಿಯುವುದಿಲ್ಲ. 'ಯಾವ ಮನೆಯವರು?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಂದು ಮನೆ ಗುಡ್ಡದ ಈಚೆ, ಇನ್ನೊಂದು ತೋಟದ ಆಚೆ ಇರುವ ಸೀಮೆಯಲ್ಲಿ ಮನೆಯ ಹೆಸರೇ ಮನುಷ್ಯನ ಗುರುತು. ಮದುವೆಯ ಕರೆಯೋಲೆಯಲ್ಲೂ ಅದಕ್ಕೇ ಮೊದಲ ಮಣೆ.

ಇನಿಷಿಯಲ್‌ಗಳೂ ಹಾಗೆಯೇ. ಡಿ.ಬಿ. ಚಂದ್ರೇಗೌಡರ 'ಡಿ' ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿ, 'ಬಿ' ತಂದೆ ಭೈರೇಗೌಡರು. 1978ರಲ್ಲಿ ಅವರು ಬಿಟ್ಟುಕೊಟ್ಟ ಚಿಕ್ಕಮಗಳೂರು ಕ್ಷೇತ್ರದಲ್ಲಿ ಇಂದಿರಾ ಗಾಂಧಿ ಗೆದ್ದಾಗ ದಾರದಹಳ್ಳಿಯ ಆ ಒಂದಕ್ಷರ ದೆಹಲಿಯ ಪತ್ರಿಕೆಗಳಲ್ಲೂ ಅಚ್ಚಾಯಿತು. ಪೂರ್ಣಚಂದ್ರ ತೇಜಸ್ವಿಯವರು ಬಾಳಿದ್ದು, ಬೆಳೆದ ಕಾಫಿ, ಹಿಡಿದ ಮೀನು ಎಲ್ಲ ಮೂಡಿಗೆರೆಯದು, 'ಕೆ.ಪಿ.'ಯ 'ಕೆ' ಮಾತ್ರ ಕೊನೆಯವರೆಗೂ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯನ್ನು ಬಿಡಲಿಲ್ಲ.

ಇನ್ನು ಹೆಸರಿನ ಬಾಲಕ್ಕೆ ಬಂದರೆ, ಅದನ್ನು ಕೇಳಿದೊಡನೆ ಜಾತಿ ಲೆಕ್ಕ ಹಾಕುವ ಚಪಲ ನಮ್ಮಲ್ಲಿ ಹೆಚ್ಚು. ಲೆಕ್ಕ ತಪ್ಪಿಸುವುದಕ್ಕೆ 'ಹೆಗಡೆ' ಒಂದೇ ಸಾಕು. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಹವ್ಯಕರು. ಲೋಕಸಭೆಯ ಸ್ಪೀಕರ್ ಆಗಿದ್ದ ಕೆ.ಎಸ್. ಹೆಗ್ಡೆ ಬಂಟರು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆ ಜೈನರು. ಚಿಕ್ಕಮಗಳೂರಿನ ಕಾಫಿ ಬೆಳೆಗಾರ, ಉದ್ಯಮಿ ಸಿದ್ಧಾರ್ಥರ ತಂದೆ ಗಂಗಯ್ಯ ಹೆಗ್ಡೆ ಒಕ್ಕಲಿಗರು. ಕಾರಣ, ಇದು ಮೂಲದಲ್ಲಿ ಜಾತಿಯಲ್ಲ, ಹುದ್ದೆ: ಶಾಸನಗಳ ಪೆರ್ಗಡೆ ಒಬ್ಬ ಅಧಿಕಾರಿ. 'ಪ'ಕಾರ 'ಹ'ಕಾರವಾಗಿ ಹೆಗ್ಗಡೆಯಾದ. ಅಧಿಕಾರ ಹೋಯಿತು, ಹೆಸರು ಮಕ್ಕಳಿಗೆ ಉಳಿಯಿತು. ಊರ ಲೆಕ್ಕ ಬರೆಯುತ್ತಿದ್ದ ಸೇನಬೋವ ಶ್ಯಾನುಭೋಗನಾಗಿ ಶಾನಭಾಗ ಆದದ್ದೂ ಇದೇ ದಾರಿಯಲ್ಲಿ. ಹೊರನಾಡಿನ ಅನ್ನಪೂರ್ಣೇಶ್ವರಿ ದೇವಸ್ಥಾನದ ಧರ್ಮಕರ್ತರ ಮನೆತನದ 'ಜೋಷಿ', ಮಲೆನಾಡಿನ ಬಾಯಲ್ಲಿ ಓಡಾಡುವ 'ಜೋಯಿಸ' ಎರಡರ ಮೂಲವೂ ಜ್ಯೋತಿಷಿ.

ಗೌಡನ ಹಿಂದಿರುವವನು ಗಾವುಂಡ, ಊರಿನ ಮುಖ್ಯಸ್ಥ. ಗಂಡಸಿನದೇ ಗತ್ತು ಎನಿಸುವ ಈ ಪದವಿಯನ್ನು 10ನೇ ಶತಮಾನದಲ್ಲೇ ಒಬ್ಬ ಹೆಣ್ಣುಮಗಳು ನಿಭಾಯಿಸಿದ್ದಾಳೆ. ನಾಗರಖಂಡ ಎಪ್ಪತ್ತು ಎಂಬ ನಾಡಿನ ಮುಖ್ಯಸ್ಥ, ಅಂದರೆ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡ ಮೇಲೆ ಅದೇ ಅಧಿಕಾರ ಜಕ್ಕಿಯಬ್ಬೆಯ ಕೈಗೆ ಬಂತೆಂದು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ ಹೇಳುತ್ತದೆ. ಗೌಡಿಕೆಯ ಮಾತು ಬಂದಾಗ ಅವಳನ್ನು ನೆನೆಯುವವರು ಕಡಿಮೆ.

ಸರ್ಕಾರವೇ ಅಡ್ಡಹೆಸರು ಹೇರಿದ ದೇಶಗಳೂ ಇವೆ. ಟರ್ಕಿ 1934ರಲ್ಲಿ ಅದಕ್ಕೆಂದೇ ಕಾನೂನು ತಂದಿತು. ಮುಸ್ತಫಾ ಕೆಮಾಲ್ 'ಅತಾತುರ್ಕ್' ಆದದ್ದು ಆಗಲೇ. ನಮ್ಮಲ್ಲಿ ಅಂಥ ಕಾನೂನಿಲ್ಲ, ಆದರೆ ಪಾಸ್‌ಪೋರ್ಟ್ ಅರ್ಜಿಯ 'ಸರ್‌ನೇಮ್' ಕಾಲಮ್ ಇದೆ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದಿತು. ಬಾಲವಿಲ್ಲದ ಹೆಸರಿನವರಿಗೆ, ಅದರಲ್ಲೂ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಹುಟ್ಟಿ ದುಬೈ ಕೆಲಸದ ಆಸೆ ಹೊತ್ತ ಹುಡುಗರಿಗೆ, ಈ ಕಾಲಮ್ಮೇ ತಲೆನೋವು. ಅಣ್ಣ ಅಲ್ಲಿ ಊರಿನ ಹೆಸರು ತುಂಬಿಸಿ, ತಮ್ಮನು ಅಪ್ಪನ ಹೆಸರು ಬರೆದರೆ ಒಂದೇ ತಾಯಿಯ ಮಕ್ಕಳು ಕಾಗದದ ಮೇಲೆ ಎರಡು ಮನೆತನದವರಾಗುತ್ತಾರೆ. ಮುಂದೊಂದು ದಿನ ಇಬ್ಬರೂ ಒಡಹುಟ್ಟಿದವರೆಂದು ತೋರಿಸಲು ನೋಟರಿಯ ಹತ್ತಿರ ಅಫಿಡವಿಟ್ ಮಾಡಿಸಬೇಕಾದೀತು.