ಆ ಸಭೆಯಲ್ಲಿ ಯಾರು ಇರಲಿಲ್ಲ?



ಹೋದ ಶನಿವಾರ ಭಾಷಣದ ಅವಧಿಯಲ್ಲಿ ನಾನು ಅಮೆರಿಕದ ಬಗ್ಗೆ ಮಾತಾಡಿದೆ. "ಅಲ್ಲಿ ಎಲ್ಲರೂ ಸೇರಿ ಸರ್ಕಾರ ಮಾಡಿಕೊಂಡರು" ಅಂದೆ. ಹಿಂದಿನ ಸಾಲಿನಿಂದ ಗೆಳತಿಯೊಬ್ಬಳು "ಹೆಂಗಸರೂ ಇದ್ರಾ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಆದರೂ "ಇದ್ರು" ಅಂದುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಮೇಷ್ಟ್ರು ಕೊಟ್ಟ ಪುಸ್ತಕ ಓದಿದಾಗ ನಾನು ಹೇಳಿದ್ದು ತಪ್ಪು ಅಂತ ಗೊತ್ತಾಯ್ತು. ಅದನ್ನು ತಿದ್ದಲು ಇದನ್ನು ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಒಂದು ವ್ಯಾಪಾರದ ಕಂಪನಿ 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್ ಎಂಬಲ್ಲಿ ವಸಾಹತು ಹೂಡಿತು. ಮೊದಮೊದಲು ಅಲ್ಲಿ ಬಲು ಕಠಿಣವಾದ ಕಾನೂನು ಇತ್ತು. ಆಮೇಲೆ ಜನರ ಪ್ರತಿನಿಧಿಗಳೂ ಸೇರಿ ಕಾನೂನು ಮಾಡಲಿ ಎಂದು ಕಂಪನಿಯೇ ಒಪ್ಪಿತು. 1619ರ ಜುಲೈ 30ರಂದು ಅಲ್ಲಿನ ಚರ್ಚಿನಲ್ಲಿ ಸಭೆ ಸೇರಿತು. 11 ನೆಲೆಗಳಿಂದ ಇಬ್ಬಿಬ್ಬರಂತೆ 22 ಪ್ರತಿನಿಧಿಗಳು ಆರಿಸಿ ಬಂದಿದ್ದರು. ಇಂಗ್ಲಿಷರ ಅಮೆರಿಕದಲ್ಲಿ ಇದೇ ಮೊದಲ ಚುನಾಯಿತ ಸಭೆ. ಬಿಸಿಲಿನ ಬೇಗೆ ತಾಳಲಾರದೆ ಆರು ದಿನಕ್ಕೇ ಮುಗಿಸಿದರು.

ಆ 22 ಜನರೂ ಗಂಡಸರೇ. ಆದರೆ ಒಂದು ತಮಾಷೆ ನೋಡಿ. ಅದೇ ಸಭೆ, ಹೆಂಡತಿಯರಿಗೂ ಜಮೀನಿನ ಪಾಲು ಕೊಡಿ ಎಂದು ಕಂಪನಿಯನ್ನು ಕೇಳಿತು. ಹೊಸ ಊರು ಕಟ್ಟುವಾಗ ಗಂಡು ಹೆಚ್ಚು ಬೇಕೋ ಹೆಣ್ಣು ಹೆಚ್ಚು ಬೇಕೋ ಹೇಳಲಾಗದು ಎಂಬುದು ಅವರು ಕೊಟ್ಟ ಕಾರಣ. ಇಷ್ಟು ತಿಳಿದವರು ಹೆಂಗಸರಿಗೆ ಮತ ಮಾತ್ರ ಯಾಕೆ ಕೊಡಲಿಲ್ಲ?

ಆ ನೆಲದ ಮೂಲ ನಿವಾಸಿಗಳಿಗೂ ಸಭೆಯಲ್ಲಿ ಜಾಗ ಇರಲಿಲ್ಲ. ಮುಂದಿನ ತಿಂಗಳೇ, ಆಗಸ್ಟ್ ಕೊನೆಗೆ, ಆಫ್ರಿಕಾದಿಂದ ಹಿಡಿದು ತಂದ ಸುಮಾರು 20 ಜನರನ್ನು ಹಡಗಿನವರು ಆಹಾರ ಸಾಮಗ್ರಿಗೆ ಬದಲಾಗಿ ಅಲ್ಲಿ ಮಾರಿದರು.

"ಅಷ್ಟಾದರೂ ಆಯ್ತಲ್ಲ, ಅದೊಂದು ಆರಂಭ" ಎಂದು ನೀವು ಹೇಳಬಹುದು. ನಿಜ, ನಾನೂ ಒಪ್ಪುತ್ತೇನೆ. ಇಂಥ ಸಭೆಗಳ ಅಭ್ಯಾಸ ಇದ್ದದ್ದರಿಂದಲೇ 1765ರಲ್ಲಿ ಇಂಗ್ಲೆಂಡ್ ಸ್ಟಾಂಪ್ ತೆರಿಗೆ ಹಾಕಿದಾಗ, ನಮ್ಮ ಪ್ರತಿನಿಧಿಗಳು ಒಪ್ಪದ ತೆರಿಗೆ ಬೇಡ ಎಂದು ವಸಾಹತಿನ ಜನ ಎದುರು ನಿಂತರು. 1776ರಲ್ಲಿ ಸ್ವಾತಂತ್ರ್ಯವನ್ನೂ ಸಾರಿದರು. ಆದರೆ ತಮಗೆ ಬೇಕಾದ ನ್ಯಾಯವನ್ನು ಮನೆಯ ಹೆಂಗಸರಿಗೂ ಹೊಲದಲ್ಲಿ ದುಡಿಯುವ ಗುಲಾಮರಿಗೂ ಕೊಡಲಿಲ್ಲ. ಬಣ್ಣದ ಕಾರಣಕ್ಕೆ ಮತ ತಡೆಯಬಾರದು ಎಂದು ಅವರ ಸಂವಿಧಾನದಲ್ಲಿ ಸೇರಿದ್ದು 1870ರಲ್ಲಿ. ಹೆಣ್ಣು ಎಂಬ ಕಾರಣಕ್ಕೆ ತಡೆಯಬಾರದು ಎಂದು ಸೇರಿದ್ದು 1920ರಲ್ಲಿ. ಆ ಮೊದಲ ಸಭೆಯಿಂದ ಎಣಿಸಿದರೆ 301 ವರ್ಷ!

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ. ಚರಿತ್ರೆ ಓದುವಾಗ ಸಭೆಯಲ್ಲಿ ಯಾರಿದ್ದರು ಎಂದು ಬಾಯಿಪಾಠ ಮಾಡಿದರೆ ಸಾಲದು, ಯಾರು ಇರಲಿಲ್ಲ ಎಂದೂ ಕೇಳಬೇಕು.

ಗೆಳತೀ, ನಿನ್ನ ಪ್ರಶ್ನೆಗೆ ಸರಿಯಾದ ಉತ್ತರ: ಇರಲಿಲ್ಲ. ನನ್ನನ್ನು ಕ್ಷಮಿಸು. ಇನ್ಮುಂದೆ ಯಾರೇ "ಎಲ್ಲರೂ" ಅಂದರೂ ನೀನು ಹಾಗೇ ಎದ್ದು ಕೇಳು.

— 7ನೇ ತರಗತಿಯ ವಿದ್ಯಾರ್ಥಿನಿ